ಗುದ್ದಿದ್ದು ಎಲ್ಲೋ ನಿಂತಿದ್ದ ವಿಮಾನಕ್ಕೆ, ಕ್ಯಾನ್ಸಲ್ ಆಗಿದ್ದು ನಮ್ಮ ಫ್ಲೈಟ್. ಯಾಕೆ?

ಪ್ರಶ್ನೆ: ಸಂಜೆ ಫ್ಲೈಟಿಗೆ ಅಂತ ಬೇಗ ಹೋಗಿ ಕೂತಿದ್ವಿ. ಮೊದ್ಲು 40 ನಿಮಿಷ ಲೇಟ್ ಅಂದ್ರು, ಆಮೇಲೆ ಎರಡು ಗಂಟೆ ಅಂದ್ರು, ಕೊನೆಗೆ ಕ್ಯಾನ್ಸಲ್. ಕೇಳಿದ್ರೆ ಬೆಳಿಗ್ಗೆ ಬೇರೆ ಏರ್‌ಪೋರ್ಟಲ್ಲಿ ಲಗೇಜ್ ಹತ್ತಿಸೋ ಗಾಡಿ ವಿಮಾನಕ್ಕೆ ತಾಗಿದೆಯಂತೆ, ಅಂಗೈಯಗಲ ಡೆಂಟ್ ಆಗಿದೆಯಂತೆ. ಅಷ್ಟಕ್ಕೇ ಇಡೀ ದಿನದ ಫ್ಲೈಟ್‌ಗಳು ಯಾಕೆ ಏರುಪೇರಾಗ್ಬೇಕು? ಕಂಪನಿ ಹತ್ರ ಒಂದು ಸ್ಪೇರ್ ವಿಮಾನನೂ ಇರಲ್ವಾ? ಪಕ್ಕದ ಗೇಟಿಂದ ಅದೇ ಕಂಪನಿ ಫ್ಲೈಟ್ ಸರಿಯಾದ ಟೈಮಿಗೆ ಹೋಯ್ತು, ನಮ್ಮ ವಿಮಾನ ಅವರಿಗೆ ಕೊಟ್ಬಿಟ್ರಾ? ಇದಕ್ಕೆ ಪರಿಹಾರ ಕೇಳೋಕಾಗತ್ತಾ?

ಉತ್ತರ: ಪರಿಹಾರದ ವಿಷ್ಯ ಕೊನೆಗಿರ್ಲಿ, ಮೊದ್ಲು ಪಕ್ಕದ ಗೇಟಿನ ಅನುಮಾನ ಬಗೆಹರಿಸ್ತೀನಿ. ಹೌದು, ನಿಮಗೆ ಸಿಗಬಹುದಾಗಿದ್ದ ವಿಮಾನ ಅವರಿಗೆ ಹೋಗಿರೋ ಸಾಧ್ಯತೆ ಚೆನ್ನಾಗೇ ಇದೆ. ಕಂಪನಿಯ ಕಂಟ್ರೋಲ್ ರೂಮಲ್ಲಿ ಒಬ್ರು ಕೂತ್ಕೊಂಡು ಎರಡೂ ಫ್ಲೈಟಿನ ಲೆಕ್ಕ ಹಾಕಿ ನಿಮ್ಮದನ್ನ ಕೈಬಿಟ್ಟು ಅವರದ್ದನ್ನ ಉಳಿಸಿರ್ತಾರೆ. ಮೊದ್ಲು ಮೆಂಟೆನೆನ್ಸಲ್ಲಿ, ಆಮೇಲೆ ಆಪರೇಷನ್ಸ್ ಕಂಟ್ರೋಲಲ್ಲಿ ಬಹಳ ವರ್ಷ ಕೆಲ್ಸ ಮಾಡಿದವನು ನಾನು, ಅಂಥ ತೀರ್ಮಾನ ನಾನೂ ತಗೊಂಡಿದೀನಿ. ಆ ಲೆಕ್ಕ ಹೇಗೆ ಹಾಕ್ತಾರೆ ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ಆ ಡೆಂಟ್ ಹತ್ರ ಹೋಗಿ ನೋಡ್ಬೇಕು, ಯಾಕಂದ್ರೆ ದಿನ ಹಾಳಾಗೋದು ಬಹಳ ಸಲ ರಿಪೇರಿಗೆ ಹಿಡಿಯೋ ಟೈಮಿಂದ ಅಲ್ಲ, ರಿಪೇರಿ ಬೇಕಾ ಬೇಡ್ವಾ ಅಂತ ಗೊತ್ತಾಗೋದಕ್ಕೆ ಹಿಡಿಯೋ ಟೈಮಿಂದ.

ಮೊದಲನೆಯದಾಗಿ, ವಿಮಾನದ ಹೊರಗಿನ ಅಲ್ಯುಮಿನಿಯಂ ಹಾಳೆ ನೀವು ಅಂದ್ಕೊಂಡಷ್ಟು ದಪ್ಪ ಇಲ್ಲ, ಬಹಳ ಕಡೆ 1ರಿಂದ 2 ಮಿಲಿಮೀಟರ್ ಅಷ್ಟೇ. 35,000 ಅಡಿ ಮೇಲೆ ಹೊರಗೆ ಗಾಳಿ ತೀರಾ ತೆಳು, ಒಳಗೆ ನಾವು ಉಸಿರಾಡೋ ಹಾಗೆ ಒತ್ತಡ ಕಟ್ಟಿರ್ತಾರೆ, ಈ ಎರಡರ ವ್ಯತ್ಯಾಸ ಚದರ ಮೀಟರಿಗೆ ಐದು ಟನ್‌ಗಿಂತ ಜಾಸ್ತಿ ಬಲವಾಗಿ ಆ ಹಾಳೆನ ಹೊರಕ್ಕೆ ನೂಕ್ತಿರತ್ತೆ. ಪ್ರತಿ ಫ್ಲೈಟಲ್ಲೂ ಒಂದು ಸಲ ಉಬ್ಬತ್ತೆ, ಇಳಿದ ಮೇಲೆ ಮತ್ತೆ ಮಾಮೂಲಿಗೆ ಬರತ್ತೆ. ನುಣ್ಣಗೆ ತಗ್ಗಾಗಿರೋ ಡೆಂಟ್ ಇದನ್ನ ತಡ್ಕೊಳತ್ತೆ, ಆದ್ರೆ ಡೆಂಟ್ ಒಳಗೆ ಚೂಪಾದ ಮಡಿಕೆ ಇದ್ರೆ ಅಥವಾ ಗೀರು ಬಿದ್ದಿದ್ರೆ ಅಲ್ಲಿಂದ ಬಿರುಕು ಶುರುವಾಗತ್ತೆ. ಅದಕ್ಕೇ ದೂರದಿಂದ ಭಯಂಕರವಾಗಿ ಕಾಣೋ ಅಗಲದ ಡೆಂಟ್ ಪಾಸಾಗಿ, ಉಗುರಲ್ಲಿ ಎಳೆದ ಹಾಗಿರೋ ಗೀರು ವಿಮಾನನ ನೆಲಕ್ಕೆ ಕಟ್ಟಿಹಾಕೋದೂ ಉಂಟು.

ಈಗ ನಿಮ್ಮ ಲಗೇಜ್ ಗಾಡಿ ಕಥೆಗೆ ಬರೋಣ. ಅದು ಬಹುಶಃ ಬೆಲ್ಟ್ ಲೋಡರ್, ಅಂದ್ರೆ ಬ್ಯಾಗ್‌ಗಳನ್ನ ಕಾರ್ಗೋ ಬಾಗಿಲಿಗೆ ಏರಿಸೋ ಇಳಿಜಾರು ಬೆಲ್ಟ್ ಇರೋ ಗಾಡಿ. ಅದರ ಮೂತಿ ಬಾಗಿಲಿನ ಹೊಸ್ತಿಲಿಗೆ ಹತ್ರ ಹತ್ರ ತಂದು ನಿಲ್ಲಿಸ್ಬೇಕು, ತಾಗಿಸ್ಬಾರ್ದು, ನಿಲ್ಲಿಸೋಕೆ ಇರೋ ಟೈಮೋ ತೀರಾ ಕಮ್ಮಿ. ಇನ್ನೊಂದು ವಿಚಿತ್ರ ಏನಂದ್ರೆ ಗಾಡಿ ಒಂದಿಂಚೂ ಅಲ್ಲಾಡದೇ ಇದ್ರೂ ಡ್ಯಾಮೇಜ್ ಆಗಬಹುದು, ಯಾಕಂದ್ರೆ ಅಲ್ಲಾಡೋದು ವಿಮಾನ. ಬ್ಯಾಗು, ಜನ, ಇಂಧನ ತುಂಬ್ತಾ ಹೋದ ಹಾಗೆ ವಿಮಾನ ತನ್ನ ಚಕ್ರದ ಶಾಕ್ ಅಬ್ಸಾರ್ಬರ್ ಮೇಲೆ ಕುಸಿಯತ್ತೆ, ಖಾಲಿ ಮಾಡಿದ್ರೆ ಮೇಲೇಳತ್ತೆ. ಬಾಗಿಲ ಕೆಳಗೆ ಮೆಟ್ಟಿಲನ್ನ ಒತ್ತಾಗಿ ನಿಲ್ಲಿಸಿದ್ರೆ, ವಿಮಾನ ಕೆಳಗಿಳಿದಾಗ ತೆರೆದಿರೋ ಬಾಗಿಲೇ ಅದರ ಮೇಲೆ ಕೂತ್ಬಿಡತ್ತೆ. ಗೇಟಿಂದ ವಿಮಾನದ ಬಾಗಿಲಿಗೆ ನಡ್ಕೊಂಡು ಹೋಗೋ ಏರೋಬ್ರಿಡ್ಜಲ್ಲಿ ಇದಕ್ಕೇ ಅಂತ ಆಟೋ ಲೆವೆಲರ್ ಅನ್ನೋ ಪುಟ್ಟ ಚಕ್ರ ಇರತ್ತೆ, ವಿಮಾನದ ಮೈಗೆ ಆನಿಸಿಟ್ರೆ ಅದು ಏರಿಳಿತ ಗಮನಿಸಿ ಬ್ರಿಡ್ಜನ್ನೂ ಜೊತೆಗೆ ಇಳಿಸತ್ತೆ. ಅದನ್ನ ಆನ್ ಮಾಡೋಕೆ ಮರೆತ್ರೆ ಕಥೆ ಮುಗೀತು. ಕೇಟರಿಂಗ್ ಟ್ರಕ್, ಹಿಂದಕ್ಕೆ ನೂಕೋ ಟಗ್, ಏಣಿ ಗಾಡಿ, ಎಲ್ಲಕ್ಕೂ ಇಂಥದ್ದೊಂದು ಕಥೆ ಇದೆ, ಪಟ್ಟಿ ಮಾಡ್ತಾ ಕೂರಲ್ಲ. ಏರ್‌ಲೈನ್‌ಗಳ ಜಾಗತಿಕ ಒಕ್ಕೂಟ ಐಎಟಿಎ ಅಂದಾಜಿನ ಪ್ರಕಾರ ನೆಲದ ಮೇಲಾಗೋ ಡ್ಯಾಮೇಜಿನ ಖರ್ಚು ವರ್ಷಕ್ಕೆ ಸುಮಾರು 500 ಕೋಟಿ ಡಾಲರ್, ಹೀಗೇ ಬಿಟ್ರೆ 2035ಕ್ಕೆ ಇದು ಡಬಲ್ ಆಗತ್ತಂತೆ. ಅದರಲ್ಲಿ ದೊಡ್ಡ ಪಾಲು ಸುಮ್ನೆ ನಿಂತಿರೋ ವಿಮಾನಕ್ಕೆ ಗಾಡಿ ಬಂದು ಗುದ್ದೋದು.

ಗುದ್ದಿದ್ದು ಯಾರಾದ್ರೂ ನೋಡಿ ಹೇಳಿದ್ರು ಅಂದ್ಕೊಳಿ, ಅದು ಟೆಕ್ನಿಕಲ್ ಲಾಗ್ ಪುಸ್ತಕದಲ್ಲಿ ಎಂಟ್ರಿ ಆಗತ್ತೆ. ಎಂಟ್ರಿ ಆದ ಕ್ಷಣದಿಂದ, ಆ ಮಾದರಿ ವಿಮಾನಕ್ಕೆ ಲೈಸೆನ್ಸ್ ಇರೋ ಎಂಜಿನಿಯರ್ ಪರೀಕ್ಷೆ ಮಾಡಿ ಸಹಿ ಹಾಕೋವರೆಗೆ ಆ ವಿಮಾನ ಹಾರೋ ಹಾಗಿಲ್ಲ. ಕ್ಯಾಪ್ಟನ್ ಹೇಳಿದ್ರೂ ಇಲ್ಲ, ಕಂಪನಿ ಎಂಡಿ ಫೋನ್ ಮಾಡಿದ್ರೂ ಇಲ್ಲ. ಕಂಪನಿಯ ಮುಖ್ಯ ಬೇಸಲ್ಲಿ ಆಗಿದ್ರೆ ಎಂಜಿನಿಯರ್ ಹತ್ತು ನಿಮಿಷಕ್ಕೆ ಬರ್ತಾರೆ. ದಿನಕ್ಕೆರಡು ಫ್ಲೈಟ್ ಬಂದುಹೋಗೋ ಸಣ್ಣ ಸ್ಟೇಷನಲ್ಲಿ ಆಗಿದ್ರೆ ಅಲ್ಲಿ ಅಂಥವರು ಇರೋದೇ ಇಲ್ಲ, ಮುಂದಿನ ಫ್ಲೈಟಲ್ಲಿ ಟೂಲ್ ಬಾಕ್ಸ್ ಸಮೇತ ಕಳಿಸ್ಬೇಕು, ಆ ಮುಂದಿನ ಫ್ಲೈಟ್ ಈ ಡೆಂಟ್ ಆಗಿರೋ ವಿಮಾನದ್ದೇ ಆಗಿದ್ರೆ ಇನ್ನೂ ಚಂದ.

ಎಂಜಿನಿಯರ್ ಬಂದು ಏನ್ ಮಾಡ್ತಾರೆ ಅಂದ್ರೆ, ಡೆಂಟ್ ಮೇಲೆ ಒಂದು ನೇರ ಪಟ್ಟಿ ಅಡ್ಡ ಇಟ್ಟು ಡೆಪ್ತ್ ಗೇಜ್ ಇಳಿಸಿ ಆಳ ನೋಡ್ತಾರೆ, ಉದ್ದ ಅಗಲ ಬರ್ಕೊಳ್ತಾರೆ, ಹತ್ರದ ರಿವೆಟ್ (ಹಾಳೆಗಳನ್ನ ಜೋಡಿಸೋ ಮೊಳೆ) ಸಾಲಿಗೆ ಎಷ್ಟು ದೂರ, ಒಳಗೆ ಹಾಳೆಗೆ ಆಧಾರವಾಗಿರೋ ಪಕ್ಕೆಲುಬಿನಂಥ ಫ್ರೇಮಿಗೆ ಎಷ್ಟು ದೂರ, ಬಾಗಿಲ ಅಂಚಿಗೆ ಎಷ್ಟು ದೂರ ಅಂತ ಅಳೀತಾರೆ. ಆಮೇಲೆ ಆ ವಿಮಾನದ ಡೆಂಟ್ ಚಾರ್ಟ್ ತೆಗೀತಾರೆ. ಪ್ರತಿ ವಿಮಾನಕ್ಕೂ ಒಂದಿರತ್ತೆ, ಹಳೇ ಡೆಂಟುಗಳೆಲ್ಲ ಎಲ್ಲೆಲ್ಲಿವೆ, ಯಾವಾಗ ಆಗಿದ್ದು ಅಂತ ಅದರಲ್ಲಿ ದಾಖಲಾಗಿರತ್ತೆ. ಎಷ್ಟೋ ಸಲ ಗಾಬರಿ ಹುಟ್ಟಿಸಿದ ಡೆಂಟ್ ಹೋದ ವರ್ಷದ್ದೇ ಆಗಿರತ್ತೆ, ಆಗ ಎಲ್ಲರಿಗೂ ಖುಷಿ. ಹೊಸದಾಗಿದ್ರೆ ಬಣ್ಣ ಕೆರೆದು ಬಿರುಕಿದೆಯಾ ನೋಡ್ಬೇಕು, ಕಣ್ಣಿಗೆ ಕಾಣದ ಬಿರುಕಿಗೆ ಎಡ್ಡಿ ಕರೆಂಟ್ ಪರೀಕ್ಷೆ, ಅಂದ್ರೆ ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟಿಸಿ ನೋಡೋ ಪರೀಕ್ಷೆ ಮಾಡ್ಬೇಕು. ಹೊರಗಿಂದ ನೋಡಿದ್ರೆ ಸಾಲಲ್ಲ, ಒಳಗಿಂದನೂ ನೋಡ್ಬೇಕಾಗಬಹುದು. ಹಾಗಾದ್ರೆ ಹತ್ತಿಸಿದ್ದ ಬ್ಯಾಗೆಲ್ಲ ಇಳಿಸಿ, ಕಾರ್ಗೋ ಹೋಲ್ಡಿನ ಗೋಡೆ ಪ್ಯಾನೆಲ್ ಬಿಚ್ಚಿ, ಅದರ ಹಿಂದಿನ ಇನ್ಸುಲೇಷನ್ ಹಾಸು ಸರಿಸಿ, ಟಾರ್ಚ್ ಹಿಡ್ಕೊಂಡು ಮಂಡಿ ಮೇಲೆ ಕೂತು ಫ್ರೇಮ್ ಬಗ್ಗಿದೆಯಾ, ಯಾವ್ದಾದ್ರೂ ರಿವೆಟ್ ಸಡಿಲ ಆಗಿದೆಯಾ ಅಂತ ಹುಡುಕ್ತಾರೆ. ನೀವು ಮೇಲೆ ಗೇಟಲ್ಲಿ ‘40 ನಿಮಿಷ’ ಅಂತ ಓದ್ತಿರೋವಾಗ ಕೆಳಗೆ ನಡೀತಿರೋದು ಇದು.

ಅಳತೆಗಳೆಲ್ಲ ಸಿಕ್ಕ ಮೇಲೆ ಸ್ಟ್ರಕ್ಚರಲ್ ರಿಪೇರ್ ಮ್ಯಾನ್ಯುಯಲ್ ತೆಗೀತಾರೆ. ವಿಮಾನ ತಯಾರಿಸಿದವರೇ ಕೊಡೋ ದೊಡ್ಡ ಪುಸ್ತಕ, ಈಗೆಲ್ಲ ಟ್ಯಾಬಲ್ಲೇ ಇರತ್ತೆ. ಮೈಯ ಯಾವ ಭಾಗದಲ್ಲಿ ಎಷ್ಟು ಆಳ ಎಷ್ಟು ಅಗಲದ ಡೆಂಟ್ ನಡೆಯತ್ತೆ ಅಂತ ಅದರಲ್ಲಿರತ್ತೆ. ಎರಡು ಫ್ರೇಮ್ ನಡುವೆ ಇರೋ ಡೆಂಟಿಗೆ ಸಡಿಲು ಜಾಸ್ತಿ, ಬಾಗಿಲ ಸುತ್ತ ಕಮ್ಮಿ, ಮೂತಿ ಹತ್ರ ಸ್ಟ್ಯಾಟಿಕ್ ಪೋರ್ಟ್ ಇರೋ ಕಡೆಯಂತೂ ಸೊನ್ನೆಗೆ ಹತ್ರ. ಸ್ಟ್ಯಾಟಿಕ್ ಪೋರ್ಟ್ ಅಂದ್ರೆ ಎತ್ತರ ಅಳೆಯೋಕೆ ಗಾಳಿ ಒತ್ತಡ ತಗೊಳೋ ಸಣ್ಣ ತೂತುಗಳು. 29,000ದಿಂದ 41,000 ಅಡಿವರೆಗೆ ಒಂದ್ರ ಮೇಲೊಂದು ಹೋಗೋ ವಿಮಾನಗಳ ನಡುವೆ ಬರೀ 1,000 ಅಡಿ ಅಂತರ ಇಟ್ಟು ಹಾರಿಸ್ತಾರೆ, ಅದಕ್ಕೆ ಎತ್ತರ ತೋರಿಸೋ ಆಲ್ಟಿಮೀಟರ್ ಕರಾರುವಾಕ್ಕಾಗಿರ್ಬೇಕು, ಆ ತೂತುಗಳ ಸುತ್ತ ಹಾಳೆ ಸ್ವಲ್ಪ ಅಂಕುಡೊಂಕಾದ್ರೂ ಗಾಳಿ ಹರಿವು ಬದಲಾಗಿ ರೀಡಿಂಗ್ ತಪ್ಪತ್ತೆ. ಮುಂದಿನ ಸಲ ಮೆಟ್ಟಿಲು ಹತ್ತೋವಾಗ ನೋಡಿ, ಬಹಳ ವಿಮಾನಗಳಲ್ಲಿ ಮೂತಿ ಪಕ್ಕ ಆ ಜಾಗದ ಸುತ್ತ ಗೆರೆ ಎಳೆದು ಚೌಕ ಮಾಡಿರ್ತಾರೆ.

ಇಷ್ಟಾದ ಮೇಲೆ ಮೂರರಲ್ಲಿ ಒಂದಾಗತ್ತೆ. ಡೆಂಟ್ ಮಿತಿ ಒಳಗಿದೆ, ಚಾರ್ಟಲ್ಲಿ ಬರೆದು ಸಹಿ ಹಾಕಿ ಕಳಿಸಿ, ಒಂದೆರಡು ಗಂಟೆ ನಷ್ಟ. ಅಥವಾ, ಈಗ ಹಾರಬಹುದು ಆದ್ರೆ ಇಂತಿಷ್ಟು ಫ್ಲೈಟಿಗೊಮ್ಮೆ ಮತ್ತೆ ನೋಡ್ತಿರಿ, ಇಷ್ಟರೊಳಗೆ ಪೂರ್ತಿ ರಿಪೇರಿ ಮಾಡಿ ಅಂತ ಷರತ್ತಿನ ಮೇಲೆ ಬಿಡೋದು. ಮೂರನೇದು ಮಿತಿ ದಾಟಿರೋದು, ಆಗ ಫೋಟೋ ಅಳತೆ ಎಲ್ಲ ತಯಾರಕರ ಎಂಜಿನಿಯರಿಂಗ್ ಟೀಮಿಗೆ ಕಳಿಸಿ ಅವರ ಉತ್ತರಕ್ಕೆ ಕಾಯೋದು, ಅವರು ಆ ಒಂದು ಡೆಂಟಿಗೇ ಅಂತ ರಿಪೇರಿ ಡ್ರಾಯಿಂಗ್ ಮಾಡಿ ಕಳಿಸ್ತಾರೆ, ದಿನಗಳೇ ಹೋಗಬಹುದು. ಅಲ್ಲಿ ರಿಪೇರಿ ಸೌಲಭ್ಯ ಇಲ್ದಿದ್ರೆ ಸ್ಪೆಷಲ್ ಪರ್ಮಿಟ್ ತಗೊಂಡು, ಜನ ಯಾರನ್ನೂ ಕೂರಿಸದೆ, ಒಳಗೆ ಒತ್ತಡ ಕಟ್ಟದೆ, ಸುಮಾರು 10,000 ಅಡಿ ದಾಟದ ಹಾಗೆ ತಗ್ಗಲ್ಲೇ ಹಾರಿಸ್ಕೊಂಡು ಬೇಸಿಗೆ ತರೋದೂ ಉಂಟು. ಗಮನಿಸಿ, ಡೆಂಟ್ ಆದ ಮೊದಲ ಎರಡು ಮೂರು ಗಂಟೆ ಈ ಮೂರರಲ್ಲಿ ಯಾವ್ದು ಅಂತ ಯಾರಿಗೂ ಗೊತ್ತಿರಲ್ಲ.

ಬೋಯಿಂಗ್ 787, ಏರ್‌ಬಸ್ ಎ350 ಥರದ ಹೊಸ ವಿಮಾನಗಳಲ್ಲಿ ತಲೆನೋವು ಇನ್ನೊಂದು ಥರ. ಅವುಗಳ ರಚನೆಯಲ್ಲಿ ತೂಕದ ಲೆಕ್ಕದಲ್ಲಿ ಅರ್ಧದಷ್ಟು ಕಾರ್ಬನ್ ಕಾಂಪೋಸಿಟ್, ಅಂದ್ರೆ ಕಾರ್ಬನ್ ನಾರಿನ ಪದರಗಳನ್ನ ಅಂಟಿಂದ ಕೂಡಿಸಿ ಮಾಡಿದ್ದು. ಅಲ್ಯುಮಿನಿಯಂ ಪೆಟ್ಟು ತಿಂದ್ರೆ ತಗ್ಗಾಗಿ ತೋರಿಸ್ಕೊಳತ್ತೆ. ಕಾಂಪೋಸಿಟ್ ಪೆಟ್ಟು ತಿಂದು ವಾಪಸ್ ಪುಟಿದು ಮೇಲೆ ಏನೂ ಆಗದ ಹಾಗೆ ಕಾಣಬಹುದು, ಒಳಗೆ ಪದರಗಳು ಒಂದರಿಂದೊಂದು ಬಿಟ್ಕೊಂಡಿರಬಹುದು. ಅದನ್ನ ಹಿಡಿಯೋಕೆ ಅಲ್ಟ್ರಾಸೌಂಡ್ ಉಪಕರಣ ಬೇಕು, ಅದನ್ನ ಓದೋಕೆ ಬರೋವ್ರು ಬೇಕು. ಹಾಗಾಗಿ ಅಲ್ಲಿ ಡೆಂಟ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಗಾಡಿ ಎಷ್ಟು ಜೋರಾಗಿ ಬಂದು ಗುದ್ತು ಅನ್ನೋ ಪ್ರಶ್ನೆನೇ ಮುಖ್ಯ, ಅದಕ್ಕೆ ಉತ್ತರ ಡ್ರೈವರ್ ಬಾಯಿಂದ ನಿಜವಾಗಿ ಬರ್ಬೇಕು.

ಡ್ರೈವರ್ ಬಾಯಿ ಬಿಡದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ 2005ರ ಡಿಸೆಂಬರ್ 26ರ ಘಟನೆ ಇದೆ. ಅಲಾಸ್ಕಾ ಏರ್‌ಲೈನ್ಸ್ ಫ್ಲೈಟ್ 536, ಎಂಡಿ-83 ವಿಮಾನ, ಸಿಯಾಟಲ್‌ನಿಂದ ಬರ್ಬ್ಯಾಂಕಿಗೆ ಹೊರಟಿತ್ತು. ನೆಲದ ಮೇಲೆ ಲಗೇಜ್ ಕೆಲಸದವರ ಗಾಡಿ ಮೈಗೆ ತಾಗಿತ್ತು, ಆದ್ರೆ ಯಾರೂ ರಿಪೋರ್ಟ್ ಮಾಡ್ಲಿಲ್ಲ. ವಿಮಾನ ಸುಮಾರು 26,000 ಅಡಿ ತಲುಪೋ ಹೊತ್ತಿಗೆ ಆ ಜಾಗ ಕಿತ್ಕೊಂಡು ಒಂದಡಿ ಉದ್ದ ಅರ್ಧ ಅಡಿ ಅಗಲದ ತೂತಾಯ್ತು, ಒಳಗಿನ ಒತ್ತಡ ಹೊರಟುಹೋಯ್ತು, ಆಕ್ಸಿಜನ್ ಮಾಸ್ಕ್ ಬಿತ್ತು, ಪೈಲಟ್‌ಗಳು ತಕ್ಷಣ ಕೆಳಗಿಳಿಸಿ ಸಿಯಾಟಲ್‌ಗೇ ವಾಪಸ್ ತಂದ್ರು. ಎಲ್ಲರೂ ಬದುಕಿದ್ರು. ಆಮೇಲೆ ಆ ಕೆಲಸಗಾರ ಒಪ್ಕೊಂಡ. ಗುದ್ದಿದ್ದನ್ನ ತಾನಾಗೇ ಬಂದು ಹೇಳಿದವನನ್ನ ಕೆಲಸದಿಂದ ತೆಗೀಬಾರ್ದು ಅಂತ ನಾನು ಹೇಳೋದು ಇದಕ್ಕೇ. ಕಡಿಮೆ ಸಂಬಳ, ಗುತ್ತಿಗೆ ನೌಕರಿ, ಮೇಲಿಂದ ಅವಸರ, ಇಷ್ಟೆಲ್ಲ ಇಟ್ಟು ‘ಹೇಳಿದ್ರೆ ನೌಕರಿ ಹೋಗತ್ತೆ’ ಅಂತ ಹೆದರಿಸಿದ್ರೆ ಯಾರು ಹೇಳ್ತಾರೆ?

ರಿಪೇರಿನ ಅವಸರದಲ್ಲಿ ಮಾಡಿ ಕಳಿಸೋಕಾಗಲ್ವಾ ಅಂತ ಕೇಳೋರಿಗೆ ಇನ್ನೆರಡು ಹೆಸರು ಹೇಳ್ತೀನಿ. ಜಪಾನ್ ಏರ್‌ಲೈನ್ಸ್‌ನ ಒಂದು ಬೋಯಿಂಗ್ 747 1978ರಲ್ಲಿ ಇಳಿಯೋವಾಗ ಬಾಲ ನೆಲಕ್ಕೆ ಉಜ್ಜಿತ್ತು. ಹಿಂಭಾಗದ ಪ್ರೆಷರ್ ಬಲ್ಕ್‌ಹೆಡ್ (ಒಳಗಿನ ಒತ್ತಡ ತಡೆಯೋ ಗೋಡೆ) ರಿಪೇರಿಲಿ ಒಂದೇ ಅಖಂಡ ಜೋಡಣೆ ಪ್ಲೇಟ್ ಹಾಕೋ ಕಡೆ ಎರಡು ತುಂಡು ಹಾಕಿದ್ರು, ಭಾರ ಒಂದೇ ಸಾಲು ರಿವೆಟ್ ಮೇಲೆ ಬಿತ್ತು. 1985ರ ಆಗಸ್ಟ್ 12ರಂದು ಹಾರಾಟದಲ್ಲಿ ಆ ಬಲ್ಕ್‌ಹೆಡ್ ಒಡೀತು, 520 ಜನ ಸತ್ರು. ಚೀನಾ ಏರ್‌ಲೈನ್ಸ್‌ನ ಇನ್ನೊಂದು 747ಗೆ 1980ರಲ್ಲಿ ಹಾಂಗ್‌ಕಾಂಗಲ್ಲಿ ಇದೇ ಥರ ಬಾಲ ಉಜ್ಜಿತ್ತು, ಗೀರು ಬಿದ್ದ ಹಾಳೆನ ಕತ್ತರಿಸಿ ತೆಗೀದೆ ಮೇಲೆ ತೇಪೆ ಹಾಕಿದ್ರು, ಗೀರುಗಳು ಕೆಳಗೆ ಹಾಗೇ ಉಳಿದ್ವು, 22 ವರ್ಷ ಹಾರಿ 2002ರ ಮೇ 25ರಂದು ಆಕಾಶದಲ್ಲೇ ತುಂಡಾಯ್ತು, 225 ಜನ ಹೋದ್ರು. ಸ್ಟ್ರಕ್ಚರ್ ಎಂಜಿನಿಯರ್‌ಗಳಿಗೆ ಟ್ರೈನಿಂಗಲ್ಲೇ ಈ ಎರಡೂ ತಲೆಗೆ ಹತ್ತಿರತ್ತೆ. ಗೇಟಲ್ಲಿ ಎಷ್ಟು ಗಲಾಟೆ ಆದ್ರೂ ಅವರು ಸಹಿ ಹಾಕೋಕೆ ಅವಸರ ಮಾಡಲ್ಲ, ಮಾಡ್ಲೂಬಾರ್ದು.

ಸರಿ, ವಿಮಾನ ನಿಂತಿದೆ. ಈಗ ನಿಮ್ಮ ಸಂಜೆ ಫ್ಲೈಟಿಗೆ ಬರೋಣ. ಸಣ್ಣ ದೂರಕ್ಕೆ ಹಾರೋ ವಿಮಾನ ಒಂದು ದಿನಕ್ಕೆ ಐದಾರು ಸೆಕ್ಟರ್ (ಒಂದು ಊರಿಂದ ಇನ್ನೊಂದಕ್ಕೆ ಒಂದು ಸಲ ಹಾರೋದು) ಹಾರತ್ತೆ, ಬೆಳಿಗ್ಗೆ ಆರಕ್ಕೆ ಶುರುವಾದ್ರೆ ರಾತ್ರಿ ಹನ್ನೊಂದರ ತನಕ. ನಡುವೆ ಪ್ರತಿ ನಿಲ್ದಾಣದಲ್ಲಿ ಅರ್ಧ ಗಂಟೆ ಮುಕ್ಕಾಲು ಗಂಟೆ ಮಾತ್ರ ನಿಲ್ಲೋದು. ಎರಡನೇ ಸೆಕ್ಟರ್ ಮುಗಿದ ಮೇಲೆ ಗುದ್ದಿದ್ರೆ ಇನ್ನು ನಾಲ್ಕು ಬಾಕಿ, 180 ಸೀಟಿನ ವಿಮಾನ ತುಂಬಿದ್ರೆ 720 ಜನ. ಡೆಂಟ್ ಆದ ಊರಿಗೂ ನಿಮಗೂ ಯಾವ ಸಂಬಂಧನೂ ಇಲ್ಲ, ಆದ್ರೆ ನೀವು ಆ ವಿಮಾನದ ಐದನೇ ಸೆಕ್ಟರ್. ಮೂರು ಗಂಟೆ ತಡ ಆದ ವಿಮಾನ ಪ್ರತಿ ನಿಲ್ದಾಣದಲ್ಲಿ ಅಬ್ಬಬ್ಬಾ ಅಂದ್ರೆ ಹತ್ತು ನಿಮಿಷ ಉಳಿಸಬಹುದು, ಅಷ್ಟರಲ್ಲಿ ಎಲ್ಲಿ ಸರಿಹೋಗತ್ತೆ.

ಇಲ್ಲೊಂದು ಒಳಗಿನ ವಿಷ್ಯ ಇದೆ. ಪ್ರತಿ ವಿಳಂಬಕ್ಕೂ ಏರ್‌ಲೈನ್‌ಗಳು ಐಎಟಿಎಯ ಒಂದು ಕೋಡ್ ಹಾಕ್ತವೆ. ನಿಂತಿರೋವಾಗ ಗಾಡಿ ಗುದ್ದಿದ್ರೆ 52. ಟ್ಯಾಕ್ಸಿ ಮಾಡೋವಾಗ, ಅಂದ್ರೆ ವಿಮಾನ ತಾನೇ ನೆಲದ ಮೇಲೆ ಚಲಿಸೋವಾಗ, ಇನ್ನೊಂದಕ್ಕೆ ತಾಗಿದ್ರೆ ಅದು ನೆಲದ ಮೇಲೇ ಆಗಿದ್ರೂ 51, ಹಕ್ಕಿ ಸಿಡಿಲು ಇವುಗಳ ಜೊತೆ ಸೇರತ್ತೆ. ಆದ್ರೆ ಆ 52 ಬೀಳೋದು ಮೊದಲನೇ ಫ್ಲೈಟಿಗೆ ಮಾತ್ರ, ಅದರ ಹಿಂದೆ ತಡ ಆಗೋ ಮಿಕ್ಕ ಎಲ್ಲ ಫ್ಲೈಟಿಗೂ ಬೀಳೋದು 93, ಅಂದ್ರೆ ‘ಬರಬೇಕಿದ್ದ ವಿಮಾನ ತಡವಾಗಿ ಬಂತು’. ಕೌಂಟರಲ್ಲಿರೋ ಹುಡುಗಿ ಸ್ಕ್ರೀನ್ ನೋಡಿ ನಿಮಗೆ ‘ಇನ್‌ಕಮಿಂಗ್ ಏರ್‌ಕ್ರಾಫ್ಟ್ ಲೇಟ್ ಸರ್’ ಅಂದ್ರೆ ಅವಳು ಸುಳ್ಳು ಹೇಳ್ತಿಲ್ಲ, ಅವಳಿಗೆ ಕಾಣೋದೇ ಅಷ್ಟು. ನಿಮಗೆ ಲಗೇಜ್ ಗಾಡಿ ಸುದ್ದಿ ಸಿಕ್ಕಿದ್ದೇ ಅದೃಷ್ಟ.

ಇನ್ನು ಸಿಬ್ಬಂದಿ. ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿ ದಿನಪೂರ್ತಿ ಒಂದೇ ವಿಮಾನದ ಜೊತೆ ಇರಲ್ಲ, ಎರಡು ಸೆಕ್ಟರ್ ಇದರಲ್ಲಿ, ಇಳಿದು ಇನ್ನೊಂದರಲ್ಲಿ ಎರಡು, ಹೀಗೆ ಹೆಣೆದಿರ್ತಾರೆ. ಅದಕ್ಕೇ ಒಂದು ವಿಮಾನ ನಿಂತ್ರೆ ಏನೂ ಆಗದಿರೋ ಇನ್ನೊಂದು ವಿಮಾನ ಸಿಬ್ಬಂದಿ ಬರ್ಲಿಲ್ಲ ಅಂತ ನಿಲ್ಲತ್ತೆ. ಮೇಲಿಂದ ಡ್ಯೂಟಿ ಮಿತಿ. ಯುರೋಪಿನ ನಿಯಮದಲ್ಲಿ ಒಂದು ದಿನದ ಫ್ಲೈಟ್ ಡ್ಯೂಟಿ ಮಾಮೂಲಾಗಿ ಗರಿಷ್ಠ 13 ಗಂಟೆ, ತೀರಾ ಬೆಳಗಿನ ಜಾವ ಶುರುವಾದ್ರೆ ಅಥವಾ ಸೆಕ್ಟರ್ ಜಾಸ್ತಿ ಇದ್ರೆ ಇನ್ನೂ ಕಮ್ಮಿ, ಕ್ಯಾಪ್ಟನ್ ತನ್ನ ವಿವೇಚನೆ ಮೇಲೆ ಗರಿಷ್ಠ ಎರಡು ಗಂಟೆ ವಿಸ್ತರಿಸಬಹುದು. ಅಮೆರಿಕದಲ್ಲಿ 9ರಿಂದ 14 ಗಂಟೆ, ಬೇರೆ ದೇಶಗಳಲ್ಲಿ ಬೇರೆ ಲೆಕ್ಕ. ಗಡಿಯಾರ ಶುರುವಾಗೋದು ವಿಮಾನ ಹೊರಟಾಗ ಅಲ್ಲ, ಅವರು ಕೆಲಸಕ್ಕೆ ರಿಪೋರ್ಟ್ ಮಾಡಿದಾಗ. ಎಂಜಿನಿಯರ್ ಸಹಿಗೆ ಕಾಯ್ತಾ ಕೂತ ಮೂರು ಗಂಟೆನೂ ಅದರಲ್ಲೇ ಕಳೆದುಹೋಗತ್ತೆ. ಎಷ್ಟೋ ಸಲ ಸಂಜೆ ಹೊತ್ತಿಗೆ ವಿಮಾನ ರೆಡಿ, ಜನ ರೆಡಿ, ಪೈಲಟ್‌ಗಳ ಟೈಮ್ ಮುಗಿದಿರತ್ತೆ. ನಿಮ್ಮದು ಎರಡು ಗಂಟೆ ಲೇಟ್ ಅಂದು ಆಮೇಲೆ ಕ್ಯಾನ್ಸಲ್ ಆಗಿದ್ದು ಹೀಗೇ ಇರಬಹುದು ಅಂತ ನನ್ನ ಊಹೆ.

ಸ್ಪೇರ್ ವಿಮಾನದ ಬಗ್ಗೆ ಕೇಳಿದ್ರಿ. ದೊಡ್ಡ ಕಂಪನಿಗಳು ಮುಖ್ಯ ಹಬ್‌ಗಳಲ್ಲಿ ಒಂದೆರಡು ಇಟ್ಟಿರ್ತವೆ, ಸಣ್ಣವು ಇಡಲ್ಲ, ಯಾಕಂದ್ರೆ ಹಾರದೆ ನಿಂತ ವಿಮಾನಕ್ಕೂ ಲೀಸ್ ಬಾಡಿಗೆ ಕಟ್ಲೇಬೇಕು. ಇದ್ರೂ ಅದು ಬೇಕಾದ ಊರಲ್ಲಿರ್ಬೇಕು, ಬೇಕಾದ ಮಾದರಿ ಆಗಿರ್ಬೇಕು. ಏರ್‌ಬಸ್ ಎ320 ಪೈಲಟ್‌ಗಳು ಬೋಯಿಂಗ್ 737 ಹಾರಿಸೋ ಹಾಗಿಲ್ಲ. ಆ ಸ್ಪೇರ್ ಹಾರಿಸೋಕೂ ಸ್ಟ್ಯಾಂಡ್‌ಬೈ ಸಿಬ್ಬಂದಿ ಬೇಕು. ಹೊರಗಿನ ಕಂಪನಿಯಿಂದ ಸಿಬ್ಬಂದಿ ಸಮೇತ ಬಾಡಿಗೆಗೆ ತರೋ ವೆಟ್ ಲೀಸ್ ಇದೆ, ಅದು ವಾರಗಟ್ಟಲೆ ವಿಮಾನ ನಿಲ್ಲೋ ಹಾಗಿದ್ರೆ ಸರಿ, ಇವತ್ತಿನ ಸಂಜೆಗೆ ಉಪಯೋಗಕ್ಕೆ ಬರಲ್ಲ. 2023ರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿಯ ಗೇರ್ಡ್ ಟರ್ಬೋಫ್ಯಾನ್ ಎಂಜಿನ್‌ಗಳ ಬಿಡಿಭಾಗ ತಯಾರಿಸೋಕೆ ಬಳಸಿದ ಲೋಹದ ಪುಡಿಲಿ ದೋಷ ಪತ್ತೆಯಾಗಿ ಎಂಜಿನ್ ಬಿಚ್ಚಿ ನೋಡೋಕೆ ಅಂತ ಪ್ರಪಂಚದಾದ್ಯಂತ ನೂರಾರು ವಿಮಾನ ನಿಂತ್ವು, ಅದಾದ ಮೇಲೆ ಇದ್ದಬದ್ದ ಸ್ಪೇರ್‌ಗಳೂ ದಿನನಿತ್ಯದ ಫ್ಲೈಟಿಗೆ ಹೋದ್ವು. ನನ್ನ ಕೇಳಿದ್ರೆ, ದಿನದ ಮಧ್ಯೆ ಎಲ್ಲೂ ಸಡಿಲು ಬಿಡದೆ ಶೆಡ್ಯೂಲ್ ಹೆಣೆದು, ಸ್ಪೇರೂ ಇಡದೆ, ಆಮೇಲೆ ‘ಅನಿವಾರ್ಯ ಕಾರಣ’ ಅಂತ ಮೆಸೇಜ್ ಕಳಿಸೋದು ಅಷ್ಟೊಂದು ಪ್ರಾಮಾಣಿಕ ಅಲ್ಲ. ಪ್ರತಿ ವಿಮಾನಕ್ಕೂ ಯಾವತ್ತೋ ಒಂದಿನ ಗಾಡಿ ತಾಗತ್ತೆ ಅಂತ ಎಲ್ಲರಿಗೂ ಗೊತ್ತು.

ಈಗ ಆ ಪಕ್ಕದ ಗೇಟ್. ಕಂಟ್ರೋಲರ್ ಮುಂದೆ ಸ್ಕ್ರೀನಲ್ಲಿ ಒಂದೊಂದು ವಿಮಾನಕ್ಕೆ ಒಂದೊಂದು ಅಡ್ಡ ಸಾಲು, ಆ ಸಾಲಲ್ಲಿ ಫ್ಲೈಟ್‌ಗಳು ಬಣ್ಣದ ಪಟ್ಟಿಗಳಾಗಿ ಜೋಡಿಸಿರ್ತವೆ. ಒಂದು ಸಾಲು ಕೆಂಪಾಯ್ತು. ಅವನ ಹತ್ರ ಎರಡು ದಾರಿ, ಒಂದು ವಿಮಾನದ ನಾಲ್ಕು ಫ್ಲೈಟನ್ನೂ ಮೂರು ಮೂರು ಗಂಟೆ ತಡ ಮಾಡೋದು, ಇಲ್ಲಾ ಪಟ್ಟಿಗಳನ್ನ ಸಾಲಿಂದ ಸಾಲಿಗೆ ಎಳೆದು ಹತ್ತು ಫ್ಲೈಟನ್ನ ಇಪ್ಪತ್ತು ಮೂವತ್ತು ನಿಮಿಷ ತಡ ಮಾಡಿ ಎರಡನ್ನ ಕ್ಯಾನ್ಸಲ್ ಮಾಡೋದು. ಬಹಳ ಸಲ ಎರಡನೇದೇ ಗೆಲ್ಲತ್ತೆ. ಕ್ಯಾನ್ಸಲ್ ಮಾಡೋವಾಗ ಹೋಗೋದು ಬರೋದು ಎರಡನ್ನೂ ಜೋಡಿಯಾಗಿ ಮಾಡ್ತಾರೆ, ಇಲ್ದಿದ್ರೆ ವಿಮಾನ ರಾತ್ರಿ ತಪ್ಪು ಊರಲ್ಲಿ ಉಳಿದು ನಾಳೆ ಬೆಳಿಗ್ಗೆನೂ ಕೆಡತ್ತೆ.

ಯಾವ ಜೋಡಿ ಅಂತ ಆರಿಸೋದು ಹೇಗೆ ಅಂದ್ರೆ, ಆ ಮಾರ್ಗದಲ್ಲಿ ಅದೇ ದಿನ ಇನ್ನೂ ಫ್ಲೈಟ್ ಇದೆಯಾ, ಅದರಲ್ಲಿ ಸೀಟಿದೆಯಾ ಅಂತ ಮೊದ್ಲು ನೋಡ್ತಾರೆ. ದಿನಕ್ಕೆ ಎಂಟು ಫ್ಲೈಟ್ ಇರೋ ಮಾರ್ಗದಲ್ಲಿ ಒಂದು ತೆಗೆದ್ರೆ ಜನರನ್ನ ಹಂಚಬಹುದು, ವಾರಕ್ಕೆ ಎರಡೇ ಇರೋ ಮಾರ್ಗದಲ್ಲಿ ತೆಗೆದ್ರೆ ಜನ ಮೂರು ದಿನ ಸಿಕ್ಕಿಬೀಳ್ತಾರೆ. ಮುಂದೆ ದೂರದ ಕನೆಕ್ಷನ್ ಇರೋರು ಎಷ್ಟು ಜನ ಅಂತ ನೋಡ್ತಾರೆ. ಹೋಗೋ ಏರ್‌ಪೋರ್ಟಲ್ಲಿ ರಾತ್ರಿ ಕರ್ಫ್ಯೂ (ಇಷ್ಟು ಹೊತ್ತಿನ ಮೇಲೆ ವಿಮಾನ ಇಳಿಯೋ ಹಾಗಿಲ್ಲ ಅನ್ನೋ ನಿಯಮ) ಇದ್ರೆ ತಡ ಮಾಡೋ ದಾರಿನೇ ಇಲ್ಲ, ಟೈಮಿಗೆ ಕಳಿಸ್ಬೇಕು ಇಲ್ಲಾ ಬಿಡ್ಬೇಕು. ಇವತ್ತು ರಾತ್ರಿ ಯಾವ ವಿಮಾನಕ್ಕೆ ಹ್ಯಾಂಗರಲ್ಲಿ, ಅಂದ್ರೆ ರಿಪೇರಿ ಶೆಡ್ಡಲ್ಲಿ, ತಪಾಸಣೆ ಬುಕ್ ಆಗಿದೆಯೋ ಅದು ಆ ಊರಿಗೆ ಹೋಗ್ಲೇಬೇಕು, ಅದರಲ್ಲಿ ಜನ ಕಮ್ಮಿ ಇದ್ರೂ ಸರಿ. ಪಕ್ಕದ ಗೇಟ್ ಫ್ಲೈಟ್ ಅರ್ಧ ಖಾಲಿ ಹೋಗಿದ್ದನ್ನ ನೋಡಿ ನಿಮಗೆ ಹೊಟ್ಟೆ ಉರಿದಿದ್ರೆ ಕಾರಣ ಇದೂ ಇರಬಹುದು. ಒಟ್ನಲ್ಲಿ ನಿಮ್ಮ ಮಾರ್ಗದಲ್ಲಿ ಫ್ಲೈಟ್ ಜಾಸ್ತಿ ಇದ್ದಿದ್ದೇ ನಿಮಗೆ ಮುಳುವಾಗಿರಬಹುದು. ಕೇಳೋಕೆ ಅನ್ಯಾಯ ಅನ್ಸತ್ತೆ, ಆದ್ರೆ ಆ ಕುರ್ಚಿಲಿ ಕೂತ್ರೆ ನೀವೂ ಹಾಗೇ ಮಾಡ್ತೀರಿ.

ನಾನು ತಪ್ಪು ಅನ್ನೋದು 40 ನಿಮಿಷ, ಎರಡು ಗಂಟೆ, ಕ್ಯಾನ್ಸಲ್ ಅಂತ ಜಗ್ಗಾಡಿಸಿದ್ದನ್ನ. ಪರೀಕ್ಷೆ ಮುಗಿಯೋವರೆಗೆ ಗೊತ್ತಿಲ್ಲ ಅನ್ನೋದೇ ನಿಜ. ‘ಡ್ಯಾಮೇಜ್ ಪರೀಕ್ಷೆ ನಡೀತಿದೆ, ಹೊರಡೋ ಟೈಮ್ ಗೊತ್ತಿಲ್ಲ, ಆರು ಗಂಟೆಗೆ ಮತ್ತೆ ಹೇಳ್ತೀವಿ’ ಅಂದಿದ್ರೆ ನೀವು ಬೇರೆ ದಾರಿ ಹುಡುಕ್ಕೋತಿದ್ರಿ. ಆದ್ರೆ ಸಿಸ್ಟಮ್ ಹೊಸ ಟೈಮ್ ಹಾಕು ಅಂತ ಕೇಳತ್ತೆ, ಹಾಕ್ತಾರೆ.

ಎರಡು ವಿಮಾನ ಪರಸ್ಪರ ತಾಗಿದ್ರೆ ಲೆಕ್ಕ ಇನ್ನೂ ಕೆಡತ್ತೆ. 2024ರ ಸೆಪ್ಟೆಂಬರ್ 10ಕ್ಕೆ ಅಟ್ಲಾಂಟಾದಲ್ಲಿ ಟೋಕಿಯೋಗೆ ಹೊರಟಿದ್ದ ಡೆಲ್ಟಾ ಏರ್‌ಲೈನ್ಸ್‌ನ ಎ350ರ ರೆಕ್ಕೆ ತುದಿ, ಪಕ್ಕದ ಟ್ಯಾಕ್ಸಿವೇಲಿದ್ದ (ರನ್‌ವೇಗೆ ಹೋಗಿಬರೋ ದಾರಿ) ಸಣ್ಣ ವಿಮಾನ ಸಿಆರ್‌ಜೆ-900ರ ಬಾಲಕ್ಕೆ ತಾಗಿ ಬಾಲನೇ ಮುರಿದು ಮಗ್ಗುಲಿಗೆ ಬಿತ್ತು. 2025ರ ಫೆಬ್ರವರಿ 5ಕ್ಕೆ ಸಿಯಾಟಲಲ್ಲಿ ಜಪಾನ್ ಏರ್‌ಲೈನ್ಸ್ 787ರ ರೆಕ್ಕೆ ನಿಂತಿದ್ದ ಡೆಲ್ಟಾ 737ರ ಬಾಲಕ್ಕೆ ಸಿಕ್ಕಿಹಾಕ್ಕೊಳ್ತು. ಎ350 ರೆಕ್ಕೆ ತುದಿಯಿಂದ ತುದಿಗೆ ಸುಮಾರು 65 ಮೀಟರ್, ದೊಡ್ಡ ವಿಮಾನಗಳಲ್ಲಿ ಪೈಲಟ್ ಸೀಟಿಂದ ತಿರುಗಿ ನೋಡಿದ್ರೂ ರೆಕ್ಕೆ ತುದಿ ಕಾಣೋದು ಅಪರೂಪ. ಹೀಗಾದಾಗ ಎರಡು ವಿಮಾನ ಒಂದೇ ಕ್ಷಣಕ್ಕೆ ಶೆಡ್ಯೂಲಿಂದ ಹೋಗ್ತವೆ, ತನಿಖೆಯವರು ನೋಡಿ ಬಿಡೋವರೆಗೆ ಅಲುಗಾಡಿಸೋ ಹಾಗಿಲ್ಲ, ಎರಡೂ ಕಡೆ ಪೈಲಟ್‌ಗಳನ್ನ ಹೇಳಿಕೆ ಮುಗಿಯೋ ತನಕ ಡ್ಯೂಟಿಯಿಂದ ಇಳಿಸ್ತಾರೆ, ಆ ಟ್ಯಾಕ್ಸಿವೇ ಮುಚ್ಚಿ ಸಂಬಂಧನೇ ಇಲ್ಲದ ಕಂಪನಿಗಳ ಫ್ಲೈಟೂ ತಡ ಆಗತ್ತೆ. ಆಲಿಕಲ್ಲು ಮಳೆ ಇನ್ನೊಂದು ಥರ, ಅದು ಹೊರಗೆ ನಿಂತ ಎಲ್ಲ ವಿಮಾನಕ್ಕೂ ಒಟ್ಟಿಗೇ ಹೊಡೆಯತ್ತೆ, ಒಂದೊಂದರ ಮೇಲೂ ಡೆಂಟ್ ಎಣಿಸ್ತಾ ಎಂಜಿನಿಯರ್‌ಗಳು ರಾತ್ರಿಯಿಡೀ ಏಣಿ ಮೇಲಿರ್ತಾರೆ.

ಕೊನೆಗೆ ಪರಿಹಾರ. ಇದು ಯಾವ ದೇಶದ ನಿಯಮ ನಿಮಗೆ ಅನ್ವಯಿಸತ್ತೆ ಅನ್ನೋದರ ಮೇಲಿದೆ. ಸ್ಪಷ್ಟವಾಗಿ ಕೋರ್ಟ್ ಮೆಟ್ಟಿಲು ಹತ್ತಿರೋದು ಯುರೋಪಿನ 261 ನಿಯಮ, ದೂರದ ಮೇಲೆ 250, 400, 600 ಯೂರೋ ಪರಿಹಾರ, ಆದ್ರೆ ಕಾರಣ ‘ಅಸಾಧಾರಣ ಪರಿಸ್ಥಿತಿ’ ಆಗಿದ್ರೆ ಪರಿಹಾರ ಇಲ್ಲ. ಗಾಡಿ ಗುದ್ದಿದ್ದು ಅಸಾಧಾರಣನಾ? 2014ರ ನವೆಂಬರಲ್ಲಿ ಕಾಂಡೋರ್ ಅನ್ನೋ ಏರ್‌ಲೈನ್ ವಿರುದ್ಧದ ಸೀವರ್ಟ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ ಅಲ್ಲ ಅಂತು, ಹತ್ತೋ ಮೆಟ್ಟಿಲ ಗಾಡಿ ವಿಮಾನಕ್ಕೆ ಗುದ್ದೋದು ಈ ವ್ಯವಹಾರದಲ್ಲಿ ಮಾಮೂಲಿ ವಿಷ್ಯ, ಪರಿಹಾರ ಕೊಡಿ ಅಂತು. ಆದ್ರೆ 2021ರಲ್ಲಿ ಆಸ್ಟ್ರಿಯನ್ ಏರ್‌ಲೈನ್ಸ್ ಪ್ರಕರಣದಲ್ಲಿ, ನಿಂತಿದ್ದ ವಿಮಾನಕ್ಕೆ ಬೇರೆ ಕಂಪನಿಯ ವಿಮಾನದ ರೆಕ್ಕೆ ತುದಿ ತಾಗಿದ್ದನ್ನ ಅಸಾಧಾರಣ ಅಂತ ಒಪ್ಕೊಂಡ್ತು. ಅಂದ್ರೆ ಏನು ತಾಗಿದ್ದು, ಯಾರದ್ದು ತಾಗಿದ್ದು ಅನ್ನೋದರ ಮೇಲೆ ದುಡ್ಡು ನಿಂತಿದೆ. ಅದೇ ವಿಮಾನದ ಹಿಂದಿನ ಫ್ಲೈಟಿಗಾದ ಅಸಾಧಾರಣ ಘಟನೆನ ನಿಮ್ಮ ಫ್ಲೈಟಿಗೂ ಕಾರಣವಾಗಿ ತೋರಿಸೋಕೆ ಕಂಪನಿಗೆ ಅವಕಾಶ ಇದೆ, ನೇರ ಸಂಬಂಧ ಇದ್ರೆ. ಊಟ, ಹೋಟೆಲ್, ಬದಲಿ ಫ್ಲೈಟ್ ಅಥವಾ ರೀಫಂಡ್ ಮಾತ್ರ ಆ ನಿಯಮದಲ್ಲಿ ಕಾರಣ ಏನೇ ಇದ್ರೂ ಕೊಡ್ಲೇಬೇಕು.

ಹಾಗಾಗಿ ನೀವು ಕ್ಯಾನ್ಸಲ್ ಆದ ಕಾರಣನ ಬರಹದಲ್ಲಿ ಕೇಳಿ, ಇಮೇಲ್ ಆದ್ರೂ ಸಾಕು. ‘ಆಪರೇಷನಲ್ ರೀಸನ್’ ಅಂತ ಬಂದ್ರೆ ಒಪ್ಕೊಬೇಡಿ, ಹಿಂದಿನ ಸೆಕ್ಟರಿನ ಮೂಲ ಕಾರಣ ಏನು, ಡ್ಯಾಮೇಜ್ ಮಾಡಿದ್ದು ನಿಮ್ಮ ಕಂಪನಿಗೆ ಸರ್ವಿಸ್ ಕೊಡ್ತಿದ್ದ ಗಾಡಿನಾ ಅಂತ ನೇರವಾಗಿ ಕೇಳಿ. ಆ ದಿನ ಯಾವ ನೋಂದಣಿ ಸಂಖ್ಯೆಯ ವಿಮಾನ ಎಲ್ಲೆಲ್ಲಿ ಹಾರಿತ್ತು ಅಂತ ಫ್ಲೈಟ್‌ರೇಡಾರ್24 ಥರದ ಆ್ಯಪಲ್ಲಿ ಕೆಲವು ದಿನ ಉಳಿದಿರತ್ತೆ, ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಟ್ಕೊಳಿ. ಮುಂದಿನ ಸಲ ಕಾಯೋವಾಗಲೂ ಅದೇ ಆ್ಯಪಲ್ಲಿ ನಿಮಗೆ ಬರಬೇಕಾದ ವಿಮಾನ ಎಲ್ಲಿದೆ ನೋಡಿ. ಹೊರಡೋಕೆ ಒಂದು ಗಂಟೆ ಇದ್ದು ಅದಿನ್ನೂ ಬೇರೆ ಊರಲ್ಲಿ ನೆಲದ ಮೇಲಿದ್ರೆ ಬೋರ್ಡ್ ಏನೇ ಹೇಳ್ಲಿ ನಂಬಬೇಡಿ, ಕೌಂಟರಿಗೆ ಹೋಗಿ ‘ಸಿಬ್ಬಂದಿ ಡ್ಯೂಟಿ ಎಷ್ಟು ಗಂಟೆ ತನಕ ಇದೆ’ ಅಂತ ಕೇಳಿ. ಆ ಟೈಮ್ ಹತ್ರ ಬರ್ತಿದ್ರೆ ಕ್ಯಾನ್ಸಲ್ ಅನೌನ್ಸ್ ಆಗೋಕ್ ಮುಂಚೆನೇ ಮುಂದಿನ ಫ್ಲೈಟಿಗೆ ಬದಲಾಯಿಸ್ಕೊಡಿ ಅನ್ನಿ, ಅನೌನ್ಸ್ ಆದ ಮೇಲೆ 180 ಜನ ಅದೇ ಹನ್ನೆರಡು ಸೀಟಿಗೆ ಸಾಲು ನಿಂತಿರ್ತಾರೆ.